ಖಾಲಿ ಗೆರೆಯ ಮೇಲಿನ ಹೆಸರು

ಸ್ಪ್ರೂಸ್ ಕೋವ್, ಮಿಷಿಗನ್
೮ ಮಾರ್ಚ್ ೧೯೮೧

ಪ್ರೀತಿಯ ಲೆಂಪಿ ಅಕ್ಕ,

ನಿನ್ನ ಕಾಗದ ಬಂತು. ಈಜುಕೊಳದ ಫೋಟೋನೂ ಬಂತು. ನಿಮ್ಮ ಶಾಲೆಯಲ್ಲಿ ಮಕ್ಕಳು ಹಿಮ ಬೀಳೋವಾಗಲೂ ಬಿಸಿನೀರಲ್ಲಿ ಈಜ್ತಾರೆ ಅಂತ ಬರೆದಿದ್ದೀಯ. ಬಹಳ ಸಂತೋಷ. ನಮ್ಮಲ್ಲಿ ಬಾಯ್ಲರ್ ಕೆಟ್ಟು ಮಕ್ಕಳು ಕೋಟು ಹಾಕ್ಕೊಂಡೇ ಪಾಠ ಕೇಳ್ತಿದಾರೆ. ಆದರೂ ರಾಜ್ಯದ ಪರೀಕ್ಷೆಯಲ್ಲಿ ನಮ್ಮ ಏಳನೇ ಕ್ಲಾಸು ಲೆಕ್ಕದಲ್ಲಿ ನಿಮ್ಮೂರಿಗಿಂತ ಮುಂದಿದೆ. ಪೇಪರಲ್ಲಿ ಬಂದಿದ್ದನ್ನ ಕತ್ತರಿಸಿ ಇದರ ಜೊತೆ ಇಟ್ಟಿದೀನಿ, ನಿನ್ನ ಹೊಸ ಫ್ರಿಜ್ಜಿನ ಬಾಗಿಲಿಗೆ ಅಂಟಿಸ್ಕೊ.

ಇಲ್ಲಿಯ ಪಾಡು ಗೊತ್ತಲ್ಲ. ಗಣಿ ಮುಚ್ಚಿದ ಮೇಲೆ ಶಾಲೆಗೆ ಬರ್ತಿದ್ದ ತೆರಿಗೆಯ ದೊಡ್ಡ ಪಾಲೇ ಹೋಯ್ತು. ಉಳಿದದ್ದನ್ನ ಮನೆಮನೆಯವರು ತುಂಬಬೇಕು, ತುಂಬೋಕೆ ಊರವರು ಮತ ಹಾಕಿ ಹೂಂ ಅನ್ನಬೇಕು. ಎರಡು ಸಲ ಕೇಳಿದ್ವಿ, ಎರಡು ಸಲವೂ ಊಹೂಂ ಅಂದ್ರು. ಬ್ಯಾಂಡು ಹೋಯ್ತು, ಬಸ್ಸು ಹೋಯ್ತು, ಬಾಸ್ಕೆಟ್‌ಬಾಲ್ ಹೋಯ್ತು. ಜೂನ್‌ನಲ್ಲಿ ಕೊನೇ ಸಲ ಕೇಳೋದು. ಅದೂ ಸೋತರೆ ಹೈಸ್ಕೂಲು ಮುಚ್ಚಿ ದೊಡ್ಡ ಮಕ್ಕಳನ್ನೆಲ್ಲ ಪಕ್ಕದೂರು ಡಾಲ್ಟನ್‌ಗೆ ಕಳಿಸೋದು ಅಂತ ಸೂಪರಿಂಟೆಂಡೆಂಟರು ಹೇಳಿಬಿಟ್ಟಿದಾರೆ. ಡಾಲ್ಟನ್‌ಗೆ! ಅವರ ಮುಂದೆ ಪಂದ್ಯ ಸೋತಾಗ ನನ್ನ ಗಂಡ ಈರೊ ಎರಡು ದಿನ ಊಟ ಬಿಡ್ತಿದ್ದ. ಶಾಲಾ ಮಂಡಳಿಯಲ್ಲಿ ಅವನು ಕೂತಿದ್ದ ಕುರ್ಚಿಯಲ್ಲಿ ಹದಿನಾರು ವರ್ಷ ಕೂತಿದೀನಿ ಅಕ್ಕ, ಅವನು ಕಟ್ಟಿಸಿದ ಶಾಲೆಗೆ ನನ್ನ ಕೈಯಿಂದ ಬೀಗ ಬೀಳಬಾರದು.

ಇನ್ನು ನನ್ನ ಸೊಸೆ ಮಾರ್ಲೀನಮ್ಮನ ವಿಷಯ. ಮೊನ್ನೆ ಶಾಲಾ ಮಂಡಳಿಯ ಸಭೆಗೆ ಬಂದಿದ್ದಳು. ಆರ್ವೋನ ಮದುವೆಯಾಗಿ ಲ್ಯಾನ್ಸಿಂಗ್‌ನಿಂದ ಈ ಊರಿಗೆ ಬಂದು ಎರಡು ಚಳಿಗಾಲ ಆಗಿಲ್ಲ, ಎದ್ದು ನಿಂತು ಮಂಡಳಿಗೇ ಪಾಠ ಹೇಳಿದ್ಳು. "ನೀವು ಜನರ ಹತ್ರ ತೆರಿಗೆ ಕೇಳ್ತಿಲ್ಲ, ಜನರನ್ನ ಬೈತಿದೀರಿ. ಮನೆಗೆ ಹೋಗಿ ಕೂತು ಕೇಳಿ ನೋಡಿ, ಕೊಡ್ತಾರೆ" ಅಂದ್ಳು. ಜನ ಚಪ್ಪಾಳೆ ಹೊಡೆದ್ರು ಅಕ್ಕ! ಹದಿನಾರು ವರ್ಷದಲ್ಲಿ ನನಗೆ ಒಂದು ಕೆಮ್ಮೂ ಸಿಕ್ಕಿಲ್ಲ. ದೊಡ್ಡ ಸೇತುವೆ ದಾಟಿದರೆ ಸಿಗೋ ಆ ಕೆಳಗಿನ ಸೀಮೆಯವರಿಗೆ ಬಾಯಿ ಜಾಸ್ತಿ. ನೀನೂ ಈಗ ಅಲ್ಲಿಯವಳೇ, ಬೇಜಾರು ಮಾಡ್ಕೋಬೇಡ. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸೋ ನಮ್ಮ ಪೇಸ್ಟಿ ಒಳಗೆ ಕ್ಯಾರೆಟ್ ಹಾಕ್ತಾಳೆ ಅವಳು. ಆರ್ವೋ ಚಪ್ಪರಿಸ್ಕೊಂಡು ತಿಂತಾನೆ, ನಾಚಿಕೆ ಇಲ್ಲದವನು.

ನಿನ್ನ ತಂಗಿ,
ಸೈಮಾ

*

ವೆಸ್ಟ್‌ಫೀಲ್ಡ್ ಹೈಟ್ಸ್
೧೯ ಮಾರ್ಚ್ ೧೯೮೧

ಸೈಮಾ,

ನಿನ್ನ ಕಾಗದ ಓದಿ ನಗು ಬಂತು. ಕ್ಯಾರೆಟ್‌ಗೆ ಯಾರಾದರೂ ಇಷ್ಟು ಉರಿದುಕೊಳ್ತಾರಾ? ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ? ನೀನು ಸಭೆಯಲ್ಲಿ ಮಾತಾಡೋ ಧಾಟಿ ನನಗೆ ಗೊತ್ತಿಲ್ಲವಾ, ಅಮ್ಮ ಕೋಳಿ ಓಡಿಸೋ ಧಾಟಿ ಅದು.

ನಮ್ಮ ಮಂಡಳಿಯವರು ಹಾಗಲ್ಲ. ಇಬ್ಬರು ವಕೀಲರು, ಒಬ್ಬರು ಹಲ್ಲಿನ ಡಾಕ್ಟರು. ಮೈಕು, ಗ್ಲಾಸಲ್ಲಿ ನೀರು, ಎಲ್ಲಾ ಅಚ್ಚುಕಟ್ಟು. ಶಾಲೆಯ ಆಫೀಸಿನಲ್ಲಿ ನಾನು ಟೈಪು ಮಾಡಿಕೊಟ್ಟ ಕಾಗದಾನೇ ನೋಡ್ಕೊಂಡು ಓದ್ತಾರೆ, ನನ್ನ ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ತೆರಿಗೆ ಮತ ನಮ್ಮಲ್ಲಿ ಸೋತದ್ದೇ ಇಲ್ಲ. ಈಜುಕೊಳಕ್ಕೆ ಹೊಸ ಟೈಲ್ಸ್ ಬರ್ತಿದೆ.

ಸೊಸೆ ಎರಡು ಬೀದಿ ಆಚೆ ಇದಾಳೆ ನಿನಗೆ. ನನ್ನ ಸೊಸೆ ಕ್ಯಾಲಿಫೋರ್ನಿಯಾದಿಂದ ಕ್ರಿಸ್‌ಮಸ್‌ಗೆ ಒಂದು ಅಚ್ಚು ಹಾಕಿಸಿದ ಕಾರ್ಡು ಕಳಿಸ್ತಾಳೆ, ಸಹಿಯೂ ಅಚ್ಚೇ. ಸುಮ್ನೆ ಹೇಳಿದೆ.

ಜೂನ್‌ನಲ್ಲಿ ನಿನ್ನ ಕುರ್ಚಿಗೂ ಚುನಾವಣೆ ಅಲ್ವಾ? ನಿಲ್ತೀಯ ತಾನೇ?

ಲೆಂಪಿ

*

ಸ್ಪ್ರೂಸ್ ಕೋವ್
೧೪ ಏಪ್ರಿಲ್ ೧೯೮೧

ಅಕ್ಕಾ,

ನಿಲ್ತೀಯ ತಾನೇ ಅಂತ ಕೇಳಿದ್ದೀಯ. ನಿಂತಿಲ್ಲ. ಅರ್ಜಿ ಕೊಡೋ ದಿನ ಮುಗಿದುಹೋಯ್ತು. ಯಾಕೆ ಅಂತ ಹೇಳ್ತೀನಿ, ನಗಬೇಡ.

ಪ್ರತಿ ಸಲ ಏನಾಗುತ್ತೆ? ಮಂಡಳಿಯ ಕಾರ್ಯದರ್ಶಿ ವೈನೊ ಅರ್ಜಿ ಹಿಡ್ಕೊಂಡು ನಮ್ಮ ಮನೆಗೆ ಬರ್ತಾನೆ. ಕಾಫಿ ಕುಡೀತಾನೆ. "ಈ ಸಲಾನೂ ನೀನೇ ನಿಲ್ಲಬೇಕು ಸೈಮಾ" ಅಂತಾನೆ. "ಅಯ್ಯೋ ಸಾಕಪ್ಪ, ಬೇರೆ ಯಾರನ್ನಾದ್ರೂ ನೋಡ್ಕೊ" ಅಂತೀನಿ. ಎರಡನೇ ಸಲ ಕೇಳ್ತಾನೆ, "ನನಗೆ ವಯಸ್ಸಾಯ್ತು" ಅಂತೀನಿ. ಮೂರನೇ ಸಲ ಕೇಳ್ತಾನೆ, "ನೀನು ಬಿಡಲ್ವಲ್ಲ ಮಾರಾಯ" ಅಂತ ಸಹಿ ಹಾಕ್ತೀನಿ. ಕಾಫಿಯನ್ನೇ ನಮ್ಮಲ್ಲಿ ಮೊದಲ ಸಲ ಕೇಳಿದಾಗ ಯಾರು ತಗೋತಾರೆ ಹೇಳು? ಇನ್ನು ಕುರ್ಚಿ!

ಈ ಸಲ ವೈನೊ ಬಂದಾಗ ಮಾರ್ಲೀನ್ ಅಡುಗೆಮನೆಯಲ್ಲಿದ್ದಳು. ಒಂದು ಸಲ ಕೇಳಿದ, ಬೇಡ ಅಂದೆ. ಎರಡನೇ ಸಲ ಕೇಳಿದ, ಬೇಡವೇ ಬೇಡ ಅಂದೆ. ಮೂರನೇ ಸಲಕ್ಕೆ ಬಾಯಿ ತೆರೆದಿದ್ದ ಅಕ್ಕ, ಅಷ್ಟರಲ್ಲಿ ಈ ಮಹಾತಾಯಿ ಕೈ ಒರೆಸ್ಕೊಂಡು ಆಚೆ ಬಂದು "ಅತ್ತೆಗೆ ಬಲವಂತ ಮಾಡಬೇಡಿ ವೈನೊ, ಎರಡು ಸಲ ಬೇಡ ಅಂದ್ರಲ್ಲ, ಪಾಪ ಸುಸ್ತಾಗಿದಾರೆ" ಅಂದ್ಳು! ವೈನೊ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಿಲ್ತೀನಿ ಕಣಯ್ಯಾ ಅಂತ ನಾನಾಗಿ ಹೇಳೋಕೆ ಆಗುತ್ತಾ? ಅರ್ಜಿ ಮಡಚಿ ಜೇಬಿಗೆ ಹಾಕ್ಕೊಂಡು ಹೋಗಿಬಿಟ್ಟ. ನಾಳೆ ಬರ್ತಾನೆ ಅಂತ ಕಾದೆ, ನಾಡಿದ್ದು ಬರ್ತಾನೆ ಅಂತ ಕಾದೆ. ಅವನು ಬರಲಿಲ್ಲ, ಕೊನೇ ದಿನ ಬಂತು.

ಬೇರೆ ಯಾರೂ ಅರ್ಜಿ ಹಾಕಿಲ್ಲ. ಅದು ನನ್ನ ಕುರ್ಚಿ ಅಂತ ಎಲ್ಲರಿಗೂ ಗೊತ್ತು, ಯಾರು ಹಾಕ್ತಾರೆ? ಮತಪತ್ರದಲ್ಲಿ ಈಗ ಬರೀ ಖಾಲಿ ಗೆರೆ. ಜನ ಬೇಕಾದವರ ಹೆಸರು ಅದರ ಮೇಲೆ ಬರೀಬಹುದು, ಅಂಟುಚೀಟಿನೂ ಅಂಟಿಸಬಹುದು. ಯಾರ ಹೆಸರು ಜಾಸ್ತಿ ಬರುತ್ತೋ ಅವರದ್ದು ಕುರ್ಚಿ. ಆ ಗೆರೆ ಮೇಲೆ ಯಾರಿಗೆ ಕಣ್ಣಿದೆ ಅಂತ ನನಗೆ ಗೊತ್ತಾಗಲ್ವಾ? ಬೇಕು ಅಂತಲೇ ಮಾಡಿದ್ಳು.

ಸೈಮಾ

*

ವೆಸ್ಟ್‌ಫೀಲ್ಡ್ ಹೈಟ್ಸ್
೨ ಮೇ ೧೯೮೧

ಸೈಮಾ,

ಬೇಡ ಅಂದವಳು ನೀನು, ಬೇಡ ಅಂತ ಕೇಳಿಸ್ಕೊಂಡವಳದ್ದೇನು ತಪ್ಪು? ಈ ಕಡೆಯವರಿಗೆ ಬೇಡ ಅಂದ್ರೆ ಬೇಡ. ನನಗೂ ಇಲ್ಲಿಗೆ ಬಂದ ಹೊಸದರಲ್ಲಿ ಒಂದು ವರ್ಷ ಯಾರ ಮನೆಯಲ್ಲೂ ಕಾಫಿ ಸಿಗಲಿಲ್ಲ.

ಹೆಚ್ಚು ಬರೆಯಲ್ಲ, ಆಫೀಸಿನಲ್ಲಿ ಕೆಲಸ ಜಾಸ್ತಿ. ನನ್ನ ಮಾತು ಕೇಳು. ಜೂನ್ ತನಕ ಬಾಯಿ ಮುಚ್ಕೊಂಡಿರು. ಏನು ಕಂಡರೂ ಕಾಣದ ಹಾಗಿರು. ಯಾಕೆ ಅಂತ ಕೇಳಬೇಡ. ಮಾರ್ಲೀನ್ ಒಳ್ಳೆ ಹುಡುಗಿ, ಅಕ್ಷರ ಎಷ್ಟು ದುಂಡಗಿದೆ ಅವಳದ್ದು.

ಲೆಂಪಿ

*

ಸ್ಪ್ರೂಸ್ ಕೋವ್
೨೪ ಮೇ ೧೯೮೧, ಭಾನುವಾರ

ಅಕ್ಕಾ,

ಅವಳ ಅಕ್ಷರ ನೀನೆಲ್ಲಿ ನೋಡಿದೆ?

ನಿನ್ನ ಕಾಗದ ಬಂದಾಗಿಂದ ಇದೊಂದೇ ಯೋಚನೆ. ಅವಳು ನಿನಗೆ ಬರೀತಾಳೆ, ನೀನು ಅವಳಿಗೆ ಬರೀತೀಯ. ನನಗೆ ಹೇಳಲಿಲ್ಲ. ಮಗನನ್ನ ತಗೊಂಡ್ಳು, ಹೋಗಲಿ, ಅದು ಲೋಕದಲ್ಲಿ ಇರೋದೇ. ಸಭೆಯಲ್ಲಿ ಚಪ್ಪಾಳೆ ತಗೊಂಡ್ಳು. ಈಗ ಒಡಹುಟ್ಟಿದವಳನ್ನೂ ತಗೊಂಡ್ಳಾ?

ಅವಳು ಮನೆಮನೆಗೆ ಹೋಗ್ತಿದಾಳೆ. ಸಂಜೆ ಆದ್ರೆ ಸಾಕು, ಏಲಕ್ಕಿ ಬ್ರೆಡ್ಡು ಬುಟ್ಟಿಗೆ ಹಾಕ್ಕೊಂಡು ಹೊರಡ್ತಾಳೆ. ಅದು ನಾನೇ ಕಲಿಸಿದ ಬ್ರೆಡ್ಡು! ಬುಟ್ಟಿಯ ತಳದಲ್ಲಿ ಅಚ್ಚು ಹಾಕಿಸಿದ ಅಂಟುಚೀಟಿ ಕಟ್ಟುಕಟ್ಟು. ನಾನು ಹತ್ರ ಹೋದ್ರೆ ಮೇಲೆ ಬಟ್ಟೆ ಎಳೀತಾಳೆ. ಅಂಗಡಿಯಲ್ಲಿ ನಮ್ಮ ಚರ್ಚಿನ ಹೆಲ್ಮಿ ಸಿಕ್ಕಾಗ "ನಿಮ್ಮನೆ ಮಾರ್ಲೀನ್ ಬಂದಿದ್ದಳಪ್ಪ, ಲಾಹ್ತಿ ಹೆಸರು ಗೆರೆ ಮೇಲೆ ಬರಲೇಬೇಕು ಅಂತ ಕೂತುಬಿಟ್ಳು" ಅಂತ ಹಲ್ಲು ಕಿರಿದ್ಳು. ನನ್ನ ಗಂಡನ ಮನೆತನದ ಹೆಸರು ಹಾಕ್ಕೊಂಡು ನನ್ನ ಕುರ್ಚಿಗೆ ಓಟು ಬೇಡ್ತಾಳೆ. ತೆರಿಗೆಗೂ ಹೂಂ ಅನ್ನಿ ಅಂತ ಅದೇ ಬಾಯಲ್ಲಿ ಕೇಳ್ತಾಳಂತೆ. ಜನ ಒಪ್ತಿದಾರಂತೆ. ನಾನು ಎರಡು ಸಲ ಕೇಳಿ ಸೋತಿದ್ದನ್ನ ಇವಳು ಬ್ರೆಡ್ಡು ಕೊಟ್ಟು ಗೆದ್ದುಬಿಟ್ರೆ ನಾನು ಈ ಊರಲ್ಲಿ ಹೇಗೆ ಮುಖ ಎತ್ತಿ ನಡೀಲಿ?

ಇವತ್ತು ಚರ್ಚ್ ಮುಗಿದ ಮೇಲೆ ಕೆಳಗಿನ ಹಾಲ್‌ನಲ್ಲಿ ಕಾಫಿಗೆ ಕೂತಿದ್ವಿ. ಯಾರ ಹೆಸರು ಬರೀತೀರಿ ಅಂತ ನಾನೇ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಲೋಟದೊಳಗೆ ನಕ್ಕರು. ನನ್ನ ಮುಂದೇನೇ ನಗೋದು! ತಡೀಲಿಲ್ಲ ನನಗೆ. "ಹೆಸರು ಯಾರದ್ದಾದರೂ ಬರ್ಕೊಳ್ಳಿ, ತೆರಿಗೆಗೆ ಮಾತ್ರ ಹೂಂ ಅನ್ನೋ ಮುಂಚೆ ಯೋಚನೆ ಮಾಡಿ. ಒಳಗೆ ಕೂತು ಹದಿನಾರು ವರ್ಷ ನೋಡಿದವಳು ನಾನು. ಈ ಸಲ ನಾನು ಹೂಂ ಅನ್ನಲ್ಲ" ಅಂದೆ. ಹೆಲ್ಮಿ ಲೋಟ ಕೆಳಗಿಟ್ಳು. "ನೀನೇ ಬೇಡ ಅಂತೀಯ ಅಂದ್ರೆ ಏನೋ ಇರಬೇಕು" ಅಂದ್ಳು. ಎಲ್ಲರೂ ತಲೆ ಆಡಿಸಿದ್ರು. ಎಷ್ಟೋ ದಿನದ ಮೇಲೆ ಜನ ನನ್ನ ಮಾತು ಕೇಳಿದ ಹಾಗಾಯ್ತು ಅಕ್ಕ, ಎದೆ ತಣ್ಣಗಾಯ್ತು.

ಅವಳು ನಿನಗೆ ಏನು ಬರೆದಿದಾಳೆ? ಬೇಗ ಉತ್ತರ ಹಾಕು. ಚುನಾವಣೆ ಎಂಟನೇ ತಾರೀಖು ಸೋಮವಾರ.

ಸೈಮಾ

*

ವೆಸ್ಟ್‌ಫೀಲ್ಡ್ ಹೈಟ್ಸ್
೩ ಜೂನ್ ೧೯೮೧, ಬುಧವಾರ

ಸೈಮಾ, ಮುಠ್ಠಾಳಿ,

ನಿನ್ನ ಕಾಗದ ಹೋದ ಗುರುವಾರ ಬಂತು. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ, ಈಗ ಹೇಳಲೇಬೇಕು.

ಅಂಟುಚೀಟಿ ಮೇಲೆ ಇರೋದು ಅವಳ ಹೆಸರಲ್ಲ, ನಿನ್ನ ಹೆಸರು. ಸೈಮಾ ಲಾಹ್ತಿ. ವೈನೊ ಹೋದ ಮೇಲೆ ನೀನು ಮೂರು ದಿನ ಕಿಟಕಿ ಹತ್ರ ಕೂತಿದ್ದನ್ನ ನೋಡಿ ಅವಳು ಆರ್ವೋನ ಕೇಳಿದ್ಳಂತೆ. ಅವನು ನಕ್ಕು, ನಮ್ಮಲ್ಲಿ ಬೇಡ ಅಂದ್ರೆ ಏನರ್ಥ ಅಂತ ಬಿಡಿಸಿ ಹೇಳಿದನಂತೆ. ಅವಳು ಅತ್ತುಬಿಟ್ಟು ಆವತ್ತೇ ನನಗೆ ಕಾಗದ ಬರೆದಳು. "ಅತ್ತೆಯ ಕುರ್ಚಿ ನನ್ನಿಂದ ಹೋಯ್ತು, ನಾನೇ ಅದನ್ನ ವಾಪಸ್ ಕೊಡಿಸ್ತೀನಿ. ಮೊದಲೇ ಕೇಳಿದ್ರೆ ಬೇಡ ಅಂತಾರೆ, ಅದಕ್ಕೆ ಗೆದ್ದ ಮೇಲೆ ಹೇಳೋಣ" ಅಂತ. ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ. ಹೆಂಗಸರು ನಕ್ಕಿದ್ದು ಅದಕ್ಕೆ.

ಫೋನ್ ಮಾಡೋಣ ಅಂದ್ರೆ ಒಂದೇ ಲೈನಿನಲ್ಲಿ ನಿಮ್ಮ ಜೊತೆ ಇನ್ನೂ ನಾಲ್ಕು ಮನೆ ಇವೆ, ಎಲ್ಲರೂ ಕಿವಿ ಹಚ್ತಾರೆ. ಈ ಕಾಗದ ಸೋಮವಾರದೊಳಗೆ ಸಿಕ್ಕಿದ್ರೆ ಚರ್ಚಿನ ಹೆಂಗಸರ ಹತ್ರ ಹೋಗಿ ನಿನ್ನ ಮಾತು ವಾಪಸ್ ತಗೊ. ಅವರೆಲ್ಲ ನಿನ್ನ ಮಾತನ್ನ ನಂಬ್ತಾರೆ.

ಲೆಂಪಿ

*

ಸ್ಪ್ರೂಸ್ ಕೋವ್
೧೦ ಜೂನ್ ೧೯೮೧

ಲೆಂಪಿ ಅಕ್ಕ,

ನಿನ್ನ ಕಾಗದ ನಿನ್ನೆ ಮಂಗಳವಾರ ಬಂತು.

ನಾನು ಗೆದ್ದೆ. ಗೆರೆ ಮೇಲೆ ನನ್ನ ಹೆಸರು ಬಿಟ್ಟು ಬೇರೆ ಹೆಸರೇ ಇಲ್ಲ ಅಂದ ವೈನೊ. ಇಲ್ಲ, ಒಂದು ಇತ್ತು. ಯಾರೋ ವೈನೊ ಹೆಸರು ಬರೆದಿದ್ದರಂತೆ. ಬರೆದವಳು ನಾನು.

ತೆರಿಗೆ ಮತ ಸೋತುಹೋಯ್ತು. ಮೂವತ್ತೊಂದು ಮತದಿಂದ. ಚರ್ಚ್ ಕಾಫಿಯ ಹೆಂಗಸರು, ಅವರ ಗಂಡಂದಿರು, ಲೆಕ್ಕ ಹಾಕೋದು ಬೇಡ. ನನ್ನ ಮೇಲಿನ ಪ್ರೀತಿಗೆ ನನ್ನ ಹೆಸರು ಅಂಟಿಸಿದ್ರು, ನನ್ನ ಮಾತಿನ ಮೇಲಿನ ನಂಬಿಕೆಗೆ ತೆರಿಗೆ ಬೇಡ ಅಂದ್ರು. ಹೆಲ್ಮಿ ಬಂದು ತಬ್ಕೊಂಡು "ನೀನು ಹೇಳಿದ ಹಾಗೇ ಮಾಡಿದ್ವಿ ಕಣೇ" ಅಂದ್ಳು. ನಾನು ಥ್ಯಾಂಕ್ಸ್ ಅಂದೆ. ಏನು ಹೇಳಬೇಕಿತ್ತು ನಾನು?

ಮಾರ್ಲೀನ್ ಕೇಕು ಮಾಡಿ ತಂದಿದ್ದಳು, ಮೇಲೆ ನನ್ನ ಹೆಸರು. ತಂದವಳು ನಮ್ಮ ಮೆಟ್ಟಿಲ ಮೇಲೆ ಕೂತು ಶಾಲೆಗೋಸ್ಕರ ಅತ್ತಳು. ಅವಳ ಪಕ್ಕ ಕೂತು ಬೆನ್ನು ಸವರಿದೆ. ಆಗಲೂ ಹೇಳಲಿಲ್ಲ.

ಒಂದು ಪ್ರಶ್ನೆ. ನನ್ನ ಕಾಗದ ಗುರುವಾರ ಬಂತು ಅಂತ ನೀನೇ ಬರೆದಿದ್ದೀಯ. ನೀನು ಉತ್ತರ ಬರೆದದ್ದು ಮುಂದಿನ ಬುಧವಾರ. ನಡುವೆ ಆರು ದಿನ ಏನು ಮಾಡ್ತಿದ್ದೆ ಅಕ್ಕ? ನಾಲ್ಕು ಮನೆ ಕೇಳಿಸ್ಕೊಂಡಿದ್ದರೆ ಏನಾಗ್ತಿತ್ತು? ಶಾಲೆ ಉಳೀತಿತ್ತು, ಅಷ್ಟೇ ತಾನೇ?

ಸೈಮಾ

*

ವೆಸ್ಟ್‌ಫೀಲ್ಡ್ ಹೈಟ್ಸ್
೨೧ ಜೂನ್ ೧೯೮೧

ಸೈಮಾ,

ಕೇಳಿದ್ದೀಯ, ಹೇಳ್ತೀನಿ. ಆ ಗುರುವಾರವೇ ನಮ್ಮ ಶಾಲೆ ಮುಚ್ತೀವಿ ಅಂತ ಹೇಳಿದ್ರು. ಈಜುಕೊಳ ಇರೋ ಶಾಲೆ. ಇಲ್ಲಿ ದುಡ್ಡಿದೆ, ಮಕ್ಕಳಿಲ್ಲ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಮಕ್ಕಳು ದೊಡ್ಡವರಾಗಿ ಹೋದ್ರು. ಆಫೀಸಿನವರಲ್ಲಿ ನನ್ನನ್ನೇ ಮೊದಲು ಬೇಡ ಅಂದ್ರು. ಆ ಕಾಗದ ಟೈಪು ಮಾಡಿದವಳೂ ನಾನೇ. ಹಲ್ಲಿನ ಡಾಕ್ಟರು "ಥ್ಯಾಂಕ್ಯೂ ಲಿಂಡಾ" ಅಂದ್ರು.

ಮನೆಗೆ ಬಂದ್ರೆ ನಿನ್ನ ಕಾಗದ. ಒಂದು ಇಡೀ ಊರು ನಿನಗೆ ಗೊತ್ತಾಗದ ಹಾಗೆ ನಿನ್ನ ಹೆಸರು ಅಂಟಿಸೋಕೆ ಹೊರಟಿದೆ. ಸೊಸೆ ನಿನಗೋಸ್ಕರ ಸಂಜೆಸಂಜೆ ಬಾಗಿಲು ತಟ್ತಿದಾಳೆ. ಮತ್ತೆ ನೀನು, ಅಯ್ಯೋ ನನ್ನದೆಲ್ಲ ಹೋಯ್ತು ಅಂತ ನನ್ನ ಹತ್ರ ಅಳ್ತೀಯ! ನನಗೆ ಮೈಯೆಲ್ಲ ಉರೀತು ಸೈಮಾ. ಇನ್ನೂ ಸ್ವಲ್ಪ ಉರೀಲಿ ಇವಳೂ ಅನ್ನಿಸ್ತು. ಅದರಿಂದ ಶಾಲೆಯೇ ಮುಚ್ಚುತ್ತೆ ಅಂತ ಅಂದ್ಕೊಳ್ಳಲಿಲ್ಲ. ನಿನ್ನ ಮಾತನ್ನ ಜನ ಅಷ್ಟೊಂದು ಕೇಳ್ತಾರೆ ಅಂತ ನಿಜವಾಗ್ಲೂ ನಂಬಿರಲಿಲ್ಲ.

ಬಯ್ಯಬೇಕು ಅನ್ನಿಸಿದ್ರೆ ಬಯ್ಯಿ, ಕಾಗದ ಮಾತ್ರ ನಿಲ್ಲಿಸಬೇಡ. ಈಗ ನನಗೆ ಬೇರೆ ಯಾರ ಕಾಗದವೂ ಬರಲ್ಲ.

ಲೆಂಪಿ

*

ಸ್ಪ್ರೂಸ್ ಕೋವ್
೧೫ ಜುಲೈ ೧೯೮೧

ಅಕ್ಕಾ,

ಬಯ್ಯೋಣ ಅಂತ ಎರಡು ಸಲ ಕೂತೆ, ಬರೆದು ಹರಿದುಹಾಕಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಕಿಚ್ಚೂ ಒಂದೇ ಥರದ್ದು. ಆಗಸ್ಟ್‌ನಲ್ಲಿ ಇಲ್ಲಿಗೆ ಬಾ. ಬರಲ್ಲ ಅಂದ್ರೆ ಒಂದೇ ಸಲ ಅನ್ನು, ನಾನು ನಂಬಿಬಿಡ್ತೀನಿ.

ನಿನ್ನೆ ರಾತ್ರಿ ಹೊಸ ಮಂಡಳಿಯ ಮೊದಲ ಸಭೆ ಆಯ್ತು. ಮೊದಲನೇ ವಿಷಯವೇ ಹೈಸ್ಕೂಲು ಮುಚ್ಚೋದು. ದುಡ್ಡಿಲ್ಲ, ಬೇರೆ ದಾರಿ ಇಲ್ಲ, ಏಳು ಜನರೂ ಹೂಂ ಅನ್ನಲೇಬೇಕಿತ್ತು. ವೈನೊ ಒಬ್ಬೊಬ್ಬರ ಹೆಸರು ಕೂಗಿದ. "ಲಾಹ್ತಿ" ಅಂದಾಗ ತಲೆ ಆಡಿಸಿದೆ. ತಲೆ ಆಡಿಸಿದ್ರೆ ಆಗಲ್ಲ, ಬಾಯಲ್ಲೇ ಹೇಳಬೇಕು ಅಂದ. ಹೂಂ ಅಂದೆ. ಮಾರ್ಲೀನ್ ಹಿಂದಿನ ಸಾಲಲ್ಲಿ ಕೂತಿದ್ದಳು. ಈ ಸಲ ಅವಳು ಏಳಲೂ ಇಲ್ಲ, ಮಾತಾಡಲೂ ಇಲ್ಲ.

ಅವಳ ಕಾರಿನಲ್ಲೇ ಮನೆಗೆ ಬಂದ್ವಿ. ಅರ್ಧ ದಾರಿಯಲ್ಲಿ ನಾನೇ, "ಮಾರ್ಲೀನ್, ತೆರಿಗೆ ಮತ ಯಾಕೆ ಸೋತಿತು ಅಂತ ನಿನಗೆ ಗೊತ್ತಾ?" ಅಂದೆ.

"ಗೊತ್ತು ಅತ್ತೆ" ಅಂದ್ಳು. "ಮೇ ತಿಂಗಳಲ್ಲೇ ಗೊತ್ತಿತ್ತು. ಹೋದ ಮನೆಯಲ್ಲೆಲ್ಲ ಹೇಳಿದ್ರು. ಸೈಮಾ ಹೆಸರು ಖಂಡಿತ ಅಂಟಿಸ್ತೀವಿ, ಆದ್ರೆ ಸೈಮಾನೇ ತೆರಿಗೆ ಬೇಡ ಅಂದಿದಾಳೆ ಅಂತ."

"ಗೊತ್ತಿದ್ದೂ ನನ್ನ ಹೆಸರಿನ ಚೀಟಿ ಹಂಚಿದ್ಯಾ?"

"ಇನ್ನೇನು ಮಾಡ್ಲಿ? ಹದಿನಾರು ವರ್ಷ ಶಾಲೆ ನಡೆಸಿದವರು ನೀವು. ಬೇಡ ಅಂದ್ರೆ ನನ್ನ ಕಣ್ಣಿಗೆ ಕಾಣದ್ದು ನಿಮಗೇನೋ ಕಂಡಿರಬೇಕು ಅಂದ್ಕೊಂಡೆ. ಅಂಥವರೇ ಮಂಡಳಿಯಲ್ಲಿ ಇರಬೇಕು ಅಂದ್ಕೊಂಡೆ. ಕೇಳೋಕೆ ಧೈರ್ಯ ಬರಲಿಲ್ಲ, ಈಗ ಕೇಳ್ತೀನಿ. ಏನು ಕಂಡಿತ್ತು ಅತ್ತೆ?"

ಸುಳ್ಳು ಹೇಳೋಕೆ ಹತ್ತು ಮಾತಿತ್ತು ಅಕ್ಕ, ತೆರಿಗೆ ಲೆಕ್ಕ, ಬಾಯ್ಲರ್, ರಾಜ್ಯದವರು, ಏನು ಬೇಕಾದ್ರೂ. ಅವಳು ನಂಬೋಳು.

"ಏನೂ ಕಂಡಿರಲಿಲ್ಲ" ಅಂದೆ. "ನಿನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ. ಅಷ್ಟೇ."

ಅವಳು ಕಾರು ರಸ್ತೆ ಬದಿಗೆ ನಿಲ್ಲಿಸಿದಳು. ಬಯ್ತಾಳೆ, ಕಿರಿಚ್ತಾಳೆ, ಬಾಗಿಲು ತೆಗೆದು ಇಳಿ ಅಂತಾಳೆ ಅಂತ ಕಾದೆ. ಯಾವುದೂ ಇಲ್ಲ. ನನ್ನ ಕಡೆ ತಿರುಗಿ, ಮಗು ಕೇಳಿದ ಹಾಗೆ ಮೆಲ್ಲಗೆ ಕೇಳಿದ್ಳು:

"ಅಷ್ಟೇನಾ?"

ಬೇರೆ ಉತ್ತರ ಇದೆಯೇನೋ ಅಂತ ಹುಡುಕಿದೆ ಅಕ್ಕ, ಇರಲಿಲ್ಲ. ಅಷ್ಟೇ ಅಂದೆ.

ನಿನ್ನ ತಂಗಿ,
ಸೈಮಾ